ಸೈಪ್ರಸ್‌ನ ಊಟದ ತಟ್ಟೆಯಲ್ಲಿ ಸಿಂಹಮೀನು: ಕಾರಣ ಕಾಲುವೆಯೋ, ಕಾವೇರಿದ ಕಡಲೋ?

ಪ್ರಶ್ನೆ ಕೇಳಿದವರು: ಕುಮಟೆಯವನು

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಕುಮಟೆಯ ಸಮುದ್ರ ತೀರದಲ್ಲಿ. ಹಡಗು ನಿರ್ವಹಣೆಯ ಉದ್ಯೋಗದ ನಿಮಿತ್ತ ನಾಲ್ಕು ವರ್ಷಗಳಿಂದ ಸೈಪ್ರಸ್ ದ್ವೀಪದ ಲಿಮಸೋಲ್ ನಗರದಲ್ಲಿದ್ದೇನೆ. ಕಳೆದ ತಿಂಗಳು ಇಲ್ಲಿನ ಬಂದರಿನ ಹತ್ತಿರ ಊಟಕ್ಕೆ ಕುಳಿತಾಗ ಬಡಿಸಿದ ಮೀನು ಬಹಳ ರುಚಿಯಾಗಿತ್ತು. ಯಾವ ಮೀನೆಂದು ವಿಚಾರಿಸಿದ್ದಕ್ಕೆ ಅಡುಗೆಯವರು ಒಳಗಿನಿಂದ ಇಡೀ ಮೀನೊಂದನ್ನು ತಂದು ತೋರಿಸಿದರು. ಕೆಂಪು ಬಿಳಿ ಪಟ್ಟೆಗಳ, ಬಿಚ್ಚಿದ ಬೀಸಣಿಗೆಯಂತಹ ರೆಕ್ಕೆಗಳ ಆ ಸಿಂಹಮೀನನ್ನು ಕಂಡು ನನಗೆ ಆಶ್ಚರ್ಯವಾಯಿತು, ಏಕೆಂದರೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದವರು ತೆಗೆದ ಚಿತ್ರಗಳಲ್ಲಿ ಇಂತಹುದೇ ಮೀನನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹದಿನೈದು ವರ್ಷಗಳ ಹಿಂದೆ ಇಲ್ಲಿನ ಕಡಲಿನಲ್ಲಿ ಇದು ಇರಲೇ ಇಲ್ಲವೆಂದೂ, ಈಗ ಬಂಡೆ ಬಂಡೆಯಲ್ಲೂ ಇದೆಯೆಂದೂ, ತಿಂದಷ್ಟೂ ತಮ್ಮ ಕಡಲಿಗೆ ಉಪಕಾರವೆಂದೂ ಅವರು ಹೇಳಿದರು.

ಕಚೇರಿಯಲ್ಲಿ ಈ ಮಾತೆತ್ತಿದಾಗ ಎರಡು ಪಕ್ಷಗಳಾದವು. ಸೂಯೆಜ್ ಕಾಲುವೆಯನ್ನು ಅಗೆದದ್ದರಿಂದಲೇ ಕೆಂಪು ಸಮುದ್ರದ ಮೀನುಗಳು ಮೆಡಿಟರೇನಿಯನ್‌ಗೆ ನುಗ್ಗಿದವೆಂದು ಕೆಲವರು ವಾದಿಸಿದರೆ, ಕಾಲುವೆಗೆ ನೂರೈವತ್ತು ವರ್ಷ ದಾಟಿರುವಾಗ ಮೀನುಗಳು ಈಚೆಗೆ ತುಂಬಿಕೊಂಡದ್ದಕ್ಕೆ ಸಮುದ್ರ ಬಿಸಿಯಾಗುತ್ತಿರುವುದೇ ಕಾರಣವೆಂದು ಉಳಿದವರು ಹೇಳಿದರು. ಇವುಗಳಲ್ಲಿ ಯಾವುದು ಸರಿ? ತಿಂದು ಮುಗಿಸುವ ಉಪಾಯಕ್ಕೆ ನಿಜವಾಗಿ ಬಲವಿದೆಯೇ? ನಮ್ಮ ಕರಾವಳಿಯಲ್ಲಿ ಹಾವಳಿ ಮಾಡುವ ಕಾರ್ಗಿಲ್ ಮೀನಿನ ಕಥೆಯೂ ಇದೇ ಜಾತಿಯದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಅಳಿವೆಬಾಗಿಲು

ನಾನು ಮೀನುಗಾರಿಕಾ ವಿಜ್ಞಾನವನ್ನು ಓದಿದವನಾದ್ದರಿಂದ ಮೊದಲ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ನಿಮ್ಮ ಕಚೇರಿಯ ಎರಡೂ ಪಕ್ಷಗಳವರು ಅರ್ಧರ್ಧ ಸರಿಯಾಗಿದ್ದಾರೆ. ಮೀನುಗಳು ಬಂದದ್ದು ಹೇಗೆ ಎಂಬುದೂ, ಬಂದ ಮೇಲೆ ಬದುಕಿಕೊಂಡದ್ದು ಹೇಗೆ ಎಂಬುದೂ ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ಮಾತ್ರ ಅವರು ಗಮನಿಸಿಲ್ಲ.

ಕಾಲುವೆ 1869ರ ನವೆಂಬರ್‌ನಲ್ಲಿ ತೆರೆಯಿತು. ಆದರೆ ಅದರ ದಾರಿಯಲ್ಲಿ ಕಹಿ ಸರೋವರಗಳೆಂಬ ತಗ್ಗುಗಳಿದ್ದವು. ಒಣಗಿ ಉಪ್ಪಿನ ಹಾಸಾಗಿದ್ದ ಆ ತಗ್ಗುಗಳಿಗೆ ನೀರು ನುಗ್ಗಿದಾಗ ಅಲ್ಲಿನ ನೀರು ಎಷ್ಟು ಉಪ್ಪಾಯಿತೆಂದರೆ ಹೆಚ್ಚಿನ ಜೀವಿಗಳು ಅದನ್ನು ದಾಟಲಾರದಾದವು. ಆ ಉಪ್ಪು ಕರಗಿ ತಿಳಿಯಾಗಲು ದಶಕಗಳೇ ಹಿಡಿದವು. ಇತ್ತ ಕಾಲುವೆಯ ಉತ್ತರದ ಬಾಯಿಯ ಹತ್ತಿರ ಪ್ರತಿ ವರ್ಷ ನೈಲ್ ನದಿಯ ನೆರೆಯ ಸಿಹಿನೀರು ಬಂದು ಇನ್ನೊಂದು ತಡೆಯನ್ನು ಒಡ್ಡುತ್ತಿತ್ತು. ಆಸ್ವಾನ್‌ನ ದೊಡ್ಡ ಅಣೆಕಟ್ಟು 1970ರಲ್ಲಿ ಪೂರ್ಣಗೊಂಡ ಮೇಲೆ ಆ ನೆರೆಯೂ ನಿಂತುಹೋಯಿತು. ಕಾಲುವೆಯನ್ನಂತೂ ಹಡಗುಗಳ ಗಾತ್ರಕ್ಕೆ ತಕ್ಕಂತೆ ಅಗಲಿಸುತ್ತ, ಆಳಗೊಳಿಸುತ್ತ ಬಂದರು. ಮೊದಲು 8 ಮೀಟರ್ ಆಳವಿದ್ದದ್ದು ಈಗ 24 ಮೀಟರ್ ಆಗಿದೆ, 2015ರಲ್ಲಿ ಒಂದು ಭಾಗಕ್ಕೆ ಜೋಡಿ ಕಾಲುವೆಯನ್ನೂ ತೆಗೆದರು. ಕಾಲುವೆಯನ್ನು ಕಟ್ಟಿಸಿದ ಫರ್ಡಿನೆಂಡ್ ಡಿ ಲೆಸೆಪ್ಸ್‌ನ ಹೆಸರಿನಿಂದ ಈ ವಲಸೆಯನ್ನು ವಿಜ್ಞಾನಿಗಳು ಲೆಸೆಪ್ಸಿಯನ್ ವಲಸೆ ಎಂದು ಕರೆಯುತ್ತಾರೆ. ಇದುವರೆಗೆ ಹೀಗೆ ಬಂದ ಮೀನಿನ ಜಾತಿಗಳ ಸಂಖ್ಯೆಯೇ ನೂರನ್ನು ಮೀರಿದೆ, ಆದರೆ ಮೆಡಿಟರೇನಿಯನ್‌ನಿಂದ ಕೆಂಪು ಸಮುದ್ರಕ್ಕೆ ಇಳಿದವು ಬೆರಳೆಣಿಕೆಯಷ್ಟು.

ಇನ್ನು ಕಾವಿನ ವಿಚಾರ. ನಿಮ್ಮ ತಟ್ಟೆಗೆ ಬಂದ ಸಿಂಹಮೀನು ಮೆಡಿಟರೇನಿಯನ್‌ನಲ್ಲಿ ಮೊದಲ ಸಲ ದಾಖಲಾದದ್ದು 1991ರಲ್ಲಿ, ಇಸ್ರೇಲಿನ ಕರಾವಳಿಯಲ್ಲಿ. ಅದಾದ ಮೇಲೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅದರ ಸುಳಿವೇ ಇರಲಿಲ್ಲ. 2012ರಲ್ಲಿ ಲೆಬನಾನ್ ಬಳಿ ಮತ್ತೆ ಸಿಕ್ಕಿದ್ದು, ಕೆಲವೇ ವರ್ಷಗಳಲ್ಲಿ ಸೈಪ್ರಸ್, ಟರ್ಕಿ, ಗ್ರೀಸ್‌ಗಳನ್ನು ಆವರಿಸಿ ಇಟಲಿ ಮತ್ತು ಟುನೀಶಿಯಾದವರೆಗೂ ಹೋಯಿತು. ಅಂದರೆ 1991ರಲ್ಲೂ ಬಾಗಿಲು ತೆರೆದೇ ಇತ್ತು, ಒಳಗೆ ಬಂದವನಿಗೆ ಮನೆ ಮಾತ್ರ ಒಗ್ಗಲಿಲ್ಲ. ಇದರ ಹತ್ತಿರದ ಬಂಧುವಾದ, ಅಮೆರಿಕದ ಪೂರ್ವ ತೀರದಲ್ಲಿ ಹಾವಳಿ ಮಾಡುತ್ತಿರುವ ಇನ್ನೊಂದು ಸಿಂಹಮೀನಿನ ಮೇಲೆ ನಡೆದ ಪ್ರಯೋಗದಲ್ಲಿ, ನೀರು ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಮೀನು ಆಹಾರ ಬಿಡುತ್ತದೆಯೆಂದೂ, 10 ಡಿಗ್ರಿಗೆ ಇಳಿದಾಗ ಸಾಯುತ್ತದೆಯೆಂದೂ ಕಂಡುಬಂದಿದೆ. ಲೆವಾಂಟ್ ತೀರದ, ಅಂದರೆ ಮೆಡಿಟರೇನಿಯನ್‌ನ ಪೂರ್ವ ತೀರದ, ನೀರು ಚಳಿಗಾಲದಲ್ಲಿ 16, 17 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ, ಒಂದೆರಡು ಡಿಗ್ರಿಯ ವ್ಯತ್ಯಾಸವೂ ಆ ಮೀನಿಗೆ ಹಸಿವಿಗೂ ಹೊಟ್ಟೆತುಂಬುವಿಕೆಗೂ ನಡುವಿನ ವ್ಯತ್ಯಾಸವಾಗಿ ಪರಿಣಮಿಸುತ್ತದೆ. ಪತ್ರಿಕೆಗಳು ಬೇಸಿಗೆಯ ದಾಖಲೆಗಳನ್ನೇ ಬರೆಯುತ್ತವೆ. 2023ರ ಜುಲೈನಲ್ಲಿ ಮೆಡಿಟರೇನಿಯನ್‌ನ ಮೇಲ್ಮೈ 28.7 ಡಿಗ್ರಿ ಮುಟ್ಟಿದ್ದೂ, ಮರುವರ್ಷ ಅದನ್ನೂ ಮೀರಿದ್ದೂ ದೊಡ್ಡ ಸುದ್ದಿಯಾದವು. ಆದರೆ ಉಷ್ಣವಲಯದ ಮೀನು ನೆಲೆಯೂರುವುದನ್ನು ತೀರ್ಮಾನಿಸುವುದು ಬೇಸಿಗೆಯಲ್ಲ, ಚಳಿಗಾಲ.

ಈ ಮಾತಿಗೆ ಹಳೆಯ ಸಾಕ್ಷಿಯೂ ಉಂಟು. 1954–55ರ ಚಳಿಗಾಲ ಅಲ್ಲಿ ಅಸಾಮಾನ್ಯವಾಗಿ ಬೆಚ್ಚಗಿತ್ತು. ಅದರ ಬೆನ್ನಿಗೇ ಇಸ್ರೇಲಿನ ಟ್ರಾಲ್ ಬೋಟುಗಳ ಬಲೆಗಳಲ್ಲಿ, ಅದುವರೆಗೆ ಅಲ್ಪಸ್ವಲ್ಪವಾಗಿ ಬರುತ್ತಿದ್ದ ಕೆಂಪು ಸಮುದ್ರದ ಎರಡು ಮೂರು ಜಾತಿಗಳು ರಾಶಿಯಾಗಿ ಬೀಳತೊಡಗಿ, ಸ್ಥಳೀಯ ಮೀನಿನ ಪಾಲನ್ನು ಕಿತ್ತುಕೊಂಡವು. ಜಾಗತಿಕ ತಾಪಮಾನದ ಮಾತು ಯಾರ ಬಾಯಲ್ಲೂ ಇಲ್ಲದಿದ್ದ ಕಾಲವದು.

ಉತ್ತರ 2: ನೀರೊಳಗಿನ ನಡಿಗೆ

ಅಳಿವೆಬಾಗಿಲು ಅವರು ಕಾರಣವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಸೈಪ್ರಸ್‌ನಲ್ಲಿ ಒಂದು ವರ್ಷ ಓದುತ್ತಿದ್ದಾಗ ಸಿಂಹಮೀನು ಹಿಡಿಯುವ ಸ್ವಯಂಸೇವಕರ ತಂಡದೊಂದಿಗೆ ನಾನು ಕೆಲವು ಸಲ ನೀರಿಗಿಳಿದಿದ್ದೇನೆ, ಆದ್ದರಿಂದ ಎರಡನೆಯ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಸ್ವಲ್ಪಮಟ್ಟಿಗೆ ನನಗಿದೆ ಎಂದುಕೊಳ್ಳುತ್ತೇನೆ.

ಯುರೋಪಿಯನ್ ಒಕ್ಕೂಟದ ನೆರವಿನಿಂದ 2017ರಲ್ಲಿ ಅಲ್ಲಿ ರಿಲಯನ್‌ಮೆಡ್ ಎಂಬ ಯೋಜನೆ ಆರಂಭವಾಯಿತು. ಮೆಡಿಟರೇನಿಯನ್‌ನಲ್ಲಿ ಉಸಿರಾಟದ ಸಿಲಿಂಡರ್ ಹೊತ್ತುಕೊಂಡು ಈಟಿಯಿಂದ ಮೀನು ಹೊಡೆಯುವುದನ್ನು ಒಕ್ಕೂಟದ ಕಾನೂನೇ ನಿಷೇಧಿಸಿರುವುದರಿಂದ, ತರಬೇತಿ ಪಡೆದ ತಂಡಗಳಿಗೆ ವಿಶೇಷ ಅನುಮತಿಯನ್ನು ಕೊಡಬೇಕಾಯಿತು. ಕೆಲಸ ಕಷ್ಟದ್ದೇನಲ್ಲ, ಸಿಂಹಮೀನು ಓಡಿಹೋಗುವುದಿಲ್ಲ, ತನ್ನ 18 ವಿಷದ ಮುಳ್ಳುಗಳ ಮೇಲಿನ ಭರವಸೆಯಿಂದ ನಿಂತಲ್ಲೇ ನಿಂತು ನಮ್ಮನ್ನು ನೋಡುತ್ತಿರುತ್ತದೆ. ಒಮ್ಮೆ ಕೈಗವಸನ್ನು ತೂರಿ ಒಂದು ಮುಳ್ಳು ನನ್ನ ಹೆಬ್ಬೆರಳಿಗೆ ನಾಟಿ, ದೋಣಿಯಲ್ಲಿ ಫ್ಲಾಸ್ಕಿನ ಬಿಸಿನೀರಿನಲ್ಲಿ ಕೈಯದ್ದಿಕೊಂಡು ಒಂದು ಗಂಟೆ ಕುಳಿತಿದ್ದೆ. ಆ ವಿಷ ಶಾಖಕ್ಕೆ ಕೆಡುವಂಥದ್ದಾದ್ದರಿಂದ ಚರ್ಮ ತಡೆಯುವಷ್ಟು ಬಿಸಿನೀರೇ ಮೊದಲ ಚಿಕಿತ್ಸೆ. ಮಾಂಸದಲ್ಲಿ ವಿಷವಿಲ್ಲ, ಮುಳ್ಳುಗಳನ್ನು ಕತ್ತರಿಸಿ ತೆಗೆದ ಮೇಲೆ ನೀವು ಧಾರಾಳವಾಗಿ ತಿನ್ನಬಹುದು.

ಆದರೆ ತಿಂದು ಮುಗಿಸುವ ಮಾತನ್ನು ನಾನು ಒಪ್ಪುವುದಿಲ್ಲ. ನಾವು ಒಂದು ದಿಬ್ಬವನ್ನು ಪೂರ್ತಿ ತೆರವು ಮಾಡಿದರೂ ಕೆಲವು ತಿಂಗಳಲ್ಲೇ ಅಲ್ಲಿ ಮತ್ತೆ ಮೀನು ಕಾಣಿಸುತ್ತಿತ್ತು. ಒಂದು ಹೆಣ್ಣು ವರ್ಷಕ್ಕೆ ಇಪ್ಪತ್ತು ಲಕ್ಷದವರೆಗೆ ಮೊಟ್ಟೆಗಳನ್ನಿಡಬಲ್ಲದು, ಮರಿಗಳು ವಾರಗಟ್ಟಲೆ ಪ್ರವಾಹದೊಂದಿಗೆ ತೇಲಿಹೋಗುತ್ತವೆ, ಮುಳುಗುವವರ ಕೈಗೆಟುಕದ ಆಳದಲ್ಲಿ ಬೇರೆಯೇ ಸಂಸಾರಗಳಿರುತ್ತವೆ. ಹಾಗೆಂದು ಹಿಡಿಯುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಸಂರಕ್ಷಿತ ಪ್ರದೇಶವೊಂದನ್ನು ಆಯ್ದುಕೊಂಡು ಪದೇಪದೇ ಹಿಡಿಯುತ್ತಿದ್ದರೆ ಅಲ್ಲಿನ ಸಣ್ಣ ಮೀನುಗಳಿಗೆ ನಿಜಕ್ಕೂ ಉಸಿರಾಡಲು ಅವಕಾಶ ಸಿಗುತ್ತದೆ. ಅದು ತೋಟದ ಕಳೆ ಕೀಳುವಂತಹ ಕೆಲಸ, ಪ್ರತಿ ಮಳೆಗಾಲಕ್ಕೂ ಇದ್ದದ್ದೇ. ಇದಲ್ಲದೆ ನನಗೊಂದು ಅನುಮಾನವಿದೆ: ಮಾರುಕಟ್ಟೆಯಲ್ಲಿ ಒಳ್ಳೆಯ ದರ ಕುದುರಿದ ಮೇಲೆ ಆ ಮೀನು ಮುಗಿದುಹೋಗಲಿ ಎಂದು ಯಾವ ಮೀನುಗಾರ ಬಯಸಿಯಾನು?

ತಿನ್ನಬಾರದ ಮೀನಿನ ಬಗ್ಗೆಯೂ ಒಂದು ಎಚ್ಚರಿಕೆಯ ಮಾತು. ಅದೇ ಕಾಲುವೆಯ ಮೂಲಕ ಬಂದು 2003ರಲ್ಲಿ ಟರ್ಕಿಯ ಗೋಕೋವಾ ಕೊಲ್ಲಿಯಲ್ಲಿ ಮೊದಲು ಕಂಡ ಬೆಳ್ಳಿಗೆನ್ನೆಯ ಪಫರ್ ಮೀನು ಈಗ ನಿಮ್ಮ ದ್ವೀಪದ ಸುತ್ತಲೂ ಇದೆ. ಅದರ ದೇಹದಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ. 2005ರಿಂದ 2008ರ ಅವಧಿಯಲ್ಲಿ ಇಸ್ರೇಲಿನಲ್ಲಿ ಅದನ್ನು ತಿಂದು 13 ಜನ ಆಸ್ಪತ್ರೆ ಸೇರಿದ್ದರು. ಯುರೋಪಿನಲ್ಲಿ ಅದರ ಮಾರಾಟವೇ ನಿಷಿದ್ಧ. ಯಾರಾದರೂ ದೋಣಿಯಿಂದ ಪುಕ್ಕಟೆಯಾಗಿ ಕೊಟ್ಟರೂ ಮನೆಗೆ ಒಯ್ಯಬೇಡಿ. ತಿನ್ನಲಾಗದ ಮೀನನ್ನು ಹಿಡಿಯಲು ಯಾರಿಗೂ ಆಸಕ್ತಿಯಿಲ್ಲದ್ದರಿಂದ, 2020ರ ಕೊನೆಯಲ್ಲಿ ಟರ್ಕಿ ಸರ್ಕಾರ ಬಾಲವೊಂದಕ್ಕೆ 5 ಲಿರಾದಂತೆ ಬಹುಮಾನ ಕೊಡತೊಡಗಿತು.

ಉತ್ತರ 3: ಬೋಟಿನ ಮನೆಯವಳು, ಮಲ್ಪೆ

ಮೂರನೆಯ ಪ್ರಶ್ನೆ ನಮ್ಮ ಮನೆಯ ವಿಷಯವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಯಜಮಾನರದು ಆಳಸಮುದ್ರದ ಬೋಟು. ಕಾರ್ಗಿಲ್ ಮೀನು ಎಂದು ನಮ್ಮವರು ಕರೆಯುವುದು ಕಪ್ಪು ನೀಲಿ ಬಣ್ಣದ, ಒರಟು ಚರ್ಮದ ಟ್ರಿಗರ್ ಮೀನನ್ನು. ಬಂಗುಡೆಗೋ ಬೊಂಡಾಸಿಗೋ (ಸ್ಕ್ವಿಡ್) ಹೋದ ಬಲೆಯಲ್ಲಿ ಅದೇ ತುಂಬಿಕೊಂಡರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ, ಏಕೆಂದರೆ ಅದನ್ನು ಕೊಳ್ಳುವವರು ಹೆಚ್ಚಾಗಿ ಮೀನಿನ ಹುಡಿಯ ಕಾರ್ಖಾನೆಯವರು, ಅವರು ಕೊಡುವ ದರವೂ ಅಷ್ಟಕ್ಕಷ್ಟೇ. ಆದರೆ ಅದು ಹೊರಗಿನಿಂದ ಬಂದ ಮೀನಲ್ಲ, ಹಿಂದೂ ಮಹಾಸಾಗರದ್ದೇ. ಆದ್ದರಿಂದ ಸೈಪ್ರಸ್‌ನ ಸಿಂಹಮೀನಿನ ಸಾಲಿಗೆ ಅದನ್ನು ಸೇರಿಸಬಾರದು. ಮನೆಯವರೇ ಗಲಾಟೆ ಎಬ್ಬಿಸಿದರೆ ಅವರನ್ನು ಪರದೇಶದವರೆಂದು ಕರೆಯಲಾಗುವುದೇ?

ಪಫರ್ ಮೀನಿನ ಕಾಟ ನಮಗೂ ಇದೆ. 2007ರ ನಂತರ ಕೇರಳ ಮತ್ತು ಕರ್ನಾಟಕದ ಕಡಲಿನಲ್ಲಿ ಅದರ ಸಂಖ್ಯೆ ಇದ್ದಕ್ಕಿದ್ದಂತೆ ಏರಿ, ಬಲೆಯೊಳಗಿನ ಬೊಂಡಾಸನ್ನು ಕಚ್ಚಿ ಹಾಳುಮಾಡುವುದೂ ಬಲೆಯನ್ನೇ ಹರಿಯುವುದೂ ಹೆಚ್ಚಾಯಿತು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಪರಿಶೀಲಿಸಿ, ಪಫರ್ ಮೀನನ್ನು ತಿನ್ನುವ ಕೋಬಿಯಾ ಎಂಬ ದೊಡ್ಡ ಮೀನು ಕಡಿಮೆಯಾದದ್ದನ್ನು ಕಾರಣವಾಗಿ ತೋರಿಸಿದರು. ಆ ಪಫರ್ ಕೂಡ ಇಲ್ಲಿಯದೇ, ಮೆಡಿಟರೇನಿಯನ್‌ನದಕ್ಕಿಂತ ಬೇರೆ ಜಾತಿಯದು. ಬಿಸಿಯಾಗುತ್ತಿರುವ ಕಡಲಿನ ಗುರುತು ನಮ್ಮಲ್ಲಿ ಬೇಕಿದ್ದರೆ ಬೂತಾಯಿಯನ್ನು ನೋಡಬೇಕು. ಹಿಂದೆ ಅದು ಹೆಚ್ಚಾಗಿ ಕೇರಳ ಮತ್ತು ನಮ್ಮ ಕರಾವಳಿಗೆ ಸೇರಿದ ಮೀನಾಗಿತ್ತು; ಈಗ ಉತ್ತರಕ್ಕೆ ಗುಜರಾತಿನ ಕಡೆಗೂ, ಆಚೆ ಪೂರ್ವ ಕರಾವಳಿಗೂ ಹಬ್ಬಿದೆ. ಅಲ್ಲಿನವರು ಅದನ್ನು ಆಕ್ರಮಣವೆಂದು ಕರೆಯಲಿಲ್ಲ, ಬಲೆ ಹಾಕಿದರು.

ಉತ್ತರ 4: ಹಳೆಯ ಓದುಗ

ಮೇಲಿನವರ ಕೊನೆಯ ಮಾತು ನನಗೆ ಬಹಳ ಹಿಡಿಸಿತು, ಆದರೂ ಅದರ ಜೊತೆಗೆ ಒಂದು ತಕರಾರನ್ನು ಮುಂದಿಡುತ್ತೇನೆ. ಇಲ್ಲಿಯವರೆಗಿನ ಎಲ್ಲ ಉತ್ತರಗಳೂ ಬಂದ ಮೀನನ್ನೇ ಕಳ್ಳನೆಂದು ಹಿಡಿದು ನಿಲ್ಲಿಸಿವೆ. ಕಳ್ಳ ಬರುವ ಮುನ್ನವೇ ಮನೆ ಖಾಲಿಯಾಗುತ್ತಿದ್ದರೆ?

2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಸ್ರೇಲಿನ ತೀರದ ಚಿಪ್ಪಿನ ಜೀವಿಗಳನ್ನು ಕುರಿತದ್ದು. ತಳದ ಮಣ್ಣಿನಲ್ಲಿ ಉಳಿದಿರುವ ಹಳೆಯ ಚಿಪ್ಪುಗಳನ್ನು ಲೆಕ್ಕಹಾಕಿ ಹಿಂದೆ ಯಾವ ಯಾವ ಜಾತಿಗಳಿದ್ದವೆಂದು ತಿಳಿದು, ಈಗ ಬದುಕಿರುವವುಗಳೊಂದಿಗೆ ಅವುಗಳನ್ನು ಹೋಲಿಸಿದಾಗ, ಆಳವಿಲ್ಲದ ಮರಳುತಳದಲ್ಲಿ ಸ್ಥಳೀಯ ಜಾತಿಗಳ ಪೈಕಿ ಶೇಕಡ 12ರಷ್ಟೂ, ಬಂಡೆತಳದಲ್ಲಿ ಶೇಕಡ 5ರಷ್ಟೂ ಮಾತ್ರ ಉಳಿದಿರುವುದು ಕಂಡುಬಂತು. ಉಳಿದವುಗಳಲ್ಲೂ ಅನೇಕವು ಸಂತಾನ ಪಡೆಯುವಷ್ಟು ದೊಡ್ಡದಾಗುವ ಮುನ್ನವೇ ಸಾಯುತ್ತಿದ್ದವು, ಆದರೆ ತಂಪಾದ ಆಳದ ನೀರಿನಲ್ಲಿ ಸ್ಥಿತಿ ಅಷ್ಟು ಕೆಟ್ಟಿರಲಿಲ್ಲ. ಆದ್ದರಿಂದ ಸಂಶೋಧಕರು ಮುಖ್ಯವಾಗಿ ಬೊಟ್ಟುಮಾಡಿದ್ದು ಕಾವಿನ ಕಡೆಗೆ. ಕೆಂಪು ಸಮುದ್ರದಿಂದ ಬಂದ ಜಾತಿಗಳು ಅದೇ ತೀರದಲ್ಲಿ ಸುಖವಾಗಿದ್ದವು. ಒಂದೇ ಕಾವು ಒಬ್ಬನನ್ನು ಸಾಯಿಸಿ ಇನ್ನೊಬ್ಬನಿಗೆ ಜಾಗ ಮಾಡಿಕೊಟ್ಟಾಗ, ಸತ್ತವನನ್ನು ಬಂದವನೇ ಕೊಂದನೆಂದು ತೀರ್ಪು ಕೊಡುವುದು ಅವಸರದ ಮಾತಾದೀತು.

ಎಲ್ಲ ಮೀನಿಗೂ ಈ ವಕಾಲತ್ತು ಸಲ್ಲುವುದಿಲ್ಲವೆಂಬುದೂ ನಿಜ. ಸೊಪ್ಪು ತಿನ್ನುವ ಎರಡು ಜಾತಿಯ ರ‍್ಯಾಬಿಟ್ ಮೀನುಗಳು, ಅಂದರೆ ಮೊಲಮೀನುಗಳು, ಅದೇ ಕಾಲುವೆಯಿಂದ ಬಂದು ಹಲವು ದಶಕಗಳಾದವು. ಟರ್ಕಿಯಿಂದ ಗ್ರೀಸ್‌ವರೆಗಿನ ಸುಮಾರು ಸಾವಿರ ಕಿಲೋಮೀಟರ್ ತೀರವನ್ನು ಪರಿಶೀಲಿಸಿದ 2014ರ ಅಧ್ಯಯನವೊಂದು, ಅವು ಹೇರಳವಾಗಿರುವ ಬೆಚ್ಚನೆಯ ನೀರಿನಲ್ಲಿ ಎತ್ತರದ ಕಡಲಪಾಚಿ ಶೇಕಡ 65ರಷ್ಟು ಕಡಿಮೆಯಿರುವುದನ್ನೂ, ಒಟ್ಟು ಜಾತಿಗಳ ಸಂಖ್ಯೆ ಶೇಕಡ 40ರಷ್ಟು ಕುಸಿದಿರುವುದನ್ನೂ ತೋರಿಸಿದೆ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟಕ್ಕೆ ಆಡಿನ ಹಿಂಡು ನುಗ್ಗಿದ್ದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ದೊಡ್ಡ ಮರವನ್ನು ಕಡಿಯಬೇಕೆಂದಿಲ್ಲ, ಚಿಗುರಿದ್ದನ್ನೆಲ್ಲ ಮೇಯುತ್ತಿದ್ದರೆ ಸಾಕು, ಕೆಲವೇ ವರ್ಷಗಳಲ್ಲಿ ಬರಿಯ ಕಲ್ಲು ಉಳಿಯುತ್ತದೆ. ಪಾಚಿಯ ಕಾಡಿನಲ್ಲಿ ಅಡಗಿ ಬೆಳೆಯುವ ಮರಿಮೀನುಗಳಿಗೆ ಆಮೇಲೆ ನೆಲೆಯಿಲ್ಲ.

ಹೀಗಿರುವಾಗ ಬಂದ ಜಾತಿಗಳನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಬಾರದೆಂಬುದಷ್ಟೇ ನನ್ನ ತಕರಾರು.

ಪ್ರಶ್ನೆ ಕೇಳಿದವರು: ಕುಮಟೆಯವನು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ನಿನ್ನೆ ಬೆಳಿಗ್ಗೆ ಬಂದರಿನಲ್ಲಿ ಬಲೆ ನೇಯುತ್ತಿದ್ದ ವಯಸ್ಸಾದ ಮೀನುಗಾರರೊಬ್ಬರ ಜೊತೆ ಹರಕುಮುರುಕು ಗ್ರೀಕ್‌ನಲ್ಲಿ ಮಾತನಾಡಿದೆ. ಸಿಂಹಮೀನಿನ ಹೆಸರೆತ್ತಿದರೆ ಅವರು ನಕ್ಕುಬಿಟ್ಟರು. ಮೊಲಮೀನಿಗೆ ಒಳ್ಳೆಯ ಗಿರಾಕಿಗಳಿದ್ದಾರೆಂದು ಹೆಮ್ಮೆಯಿಂದಲೇ ಹೇಳಿದರು. ಪಫರ್ ಎಂದ ಕೂಡಲೇ ಮುಖ ಬಿಗಿದುಕೊಂಡು, ಬಲೆಯಲ್ಲಿ ನನ್ನ ತಲೆ ತೂರುವಷ್ಟು ದೊಡ್ಡದಾದ ಒಂದು ತೂತನ್ನು ಎತ್ತಿ ತೋರಿಸಿದರು. ಹಳೆಯ ಓದುಗರ ಮಾತಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ಸಿಗಲಾರದು.

ಒಂದೇ ಒಂದು ಸಂದೇಹ ಉಳಿದಿದೆ. ಪನಾಮಾ ಕಾಲುವೆಯಲ್ಲಿರುವಂತೆ ಸೂಯೆಜ್‌ನಲ್ಲೂ ಏನಾದರೂ ತಡೆಯನ್ನು ನಿರ್ಮಿಸಲು ಸಾಧ್ಯವಿಲ್ಲವೇ?

ಉತ್ತರ 5: ಅಳಿವೆಬಾಗಿಲು

ಹಡಗಿನ ಉದ್ಯೋಗದಲ್ಲಿರುವ ನಿಮಗೆ ಇದು ತಿಳಿದಿರುವ ಸಂಗತಿಯೇ: ಪನಾಮಾದಲ್ಲಿ ಹಡಗುಗಳನ್ನು ಗೇಟುಗಳ ಮೂಲಕ ಮೇಲೆತ್ತಿ ಗಾಟುನ್ ಸರೋವರವನ್ನು ದಾಟಿಸುತ್ತಾರೆ, ಆ ಸರೋವರದ ಸಿಹಿನೀರೇ ಕಡಲಿನ ಮೀನಿಗೆ ತಡೆ. ಅಲ್ಲೂ 2016ರಲ್ಲಿ ದೊಡ್ಡ ಗೇಟುಗಳು ಬಂದ ಮೇಲೆ ಸರೋವರದಲ್ಲಿ ಕಡಲ ಮೀನುಗಳು ಹೆಚ್ಚು ಕಾಣಿಸುತ್ತಿವೆ. ಸೂಯೆಜ್‌ನಲ್ಲಿ ಗೇಟುಗಳೇ ಇಲ್ಲ, ಸಮುದ್ರದಿಂದ ಸಮುದ್ರಕ್ಕೆ ನೀರು ನೇರವಾಗಿ ಹರಿಯುತ್ತದೆ. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳಿಂದ ಹೊರಬೀಳುವ ಗಟ್ಟಿ ಉಪ್ಪುನೀರನ್ನು ಕಹಿ ಸರೋವರಗಳಿಗೆ ಬಿಟ್ಟು, 1869ರಲ್ಲಿದ್ದ ತಡೆಯನ್ನೇ ಮತ್ತೆ ಕಟ್ಟಬಹುದೆಂದು ಕೆಲವು ವಿಜ್ಞಾನಿಗಳು ಸಲಹೆ ಮಾಡಿದ್ದಾರೆ. ನನಗದು ಜಾಣತನದ ಯೋಚನೆಯೆಂದೇ ಅನ್ನಿಸುತ್ತದೆ, ಏಕೆಂದರೆ ಹಡಗುಗಳ ಓಡಾಟಕ್ಕೆ ಅದರಿಂದ ತೊಂದರೆಯಿಲ್ಲ, ಇನ್ನೂ ಬಾರದಿರುವ ನೂರಾರು ಜಾತಿಗಳನ್ನು ಅದು ತಡೆದೀತು. ಈಗಾಗಲೇ ಬಂದವುಗಳಿಗೆ ಮಾತ್ರ ಅದರಿಂದ ಏನೂ ಆಗುವುದಿಲ್ಲ.

ಅವುಗಳ ಮುಂದಿರುವ ಗಡಿ ಈಗ ಉತ್ತರದಲ್ಲಿದೆ. ಸಿಂಹಮೀನು ಏಡ್ರಿಯಾಟಿಕ್ ಸಮುದ್ರದ ದಕ್ಷಿಣ ಭಾಗವನ್ನು ಆಗಲೇ ಮುಟ್ಟಿದೆ, ಆದರೆ ಆ ಸಮುದ್ರದ ವೆನಿಸ್ ಕಡೆಯ ತುದಿ ಆಳವಿಲ್ಲದ್ದಾಗಿದ್ದು, ಚಳಿಗಾಲದಲ್ಲಿ ಅಲ್ಲಿನ ನೀರು 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ನಿಮ್ಮ ಕಂಪನಿಯ ಹಡಗುಗಳು ವೆನಿಸ್‌ಗೋ ತ್ರಿಯೆಸ್ತೆಗೋ ಹೋಗುವುದಿದ್ದರೆ, ಎಂಜಿನ್ ಕೋಣೆಯವರು ಪ್ರತಿದಿನ ಬರೆದಿಡುವ ಸಮುದ್ರದ ನೀರಿನ ಉಷ್ಣತೆಯ ಅಂಕಣದಲ್ಲಿ ಫೆಬ್ರವರಿ ತಿಂಗಳ ಸಂಖ್ಯೆಗಳನ್ನು ಕೇಳಿ ನೋಡಿ, ಸಿಕ್ಕರೆ ಇಲ್ಲಿ ಹಾಕಿ.